ತಕರಾರಿನ ಬಾಯಿ

ಒದ್ದೆ ಬೆಡ್‌ಶೀಟಿನ ಒಂದು ತುದಿ ತಾಯಿಯ ಕೈಯಲ್ಲಿತ್ತು, ಇನ್ನೊಂದು ತುದಿ ಮಗಳ ಕೈಯಲ್ಲಿ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಬ್ಬರೂ ಎದುರುಬದುರು ನಿಂತು ಹಿಂಡುತ್ತಿದ್ದರು. ಹಿಂಡುತ್ತಿದ್ದರು ಅನ್ನುವುದು ಹೆಸರಿಗೆ ಮಾತ್ರ. ಹತ್ತು ವರ್ಷದ ಮಗಳು ಅಮ್ಮನ ಕೈಯನ್ನೇ ನೋಡುತ್ತ, ಅದು ಯಾವ ಕಡೆ ತಿರುಗುತ್ತದೋ ತಾನೂ ಅದೇ ಕಡೆ ತಿರುಗಿಸುತ್ತಿದ್ದಳು. ಬೆಡ್‌ಶೀಟು ಗಾಣದ ಎತ್ತಿನ ಹಾಗೆ ಸುಮ್ಮನೆ ಸುತ್ತುತ್ತಿತ್ತು, ಹನಿ ನೀರು ಇಳಿಯುತ್ತಿರಲಿಲ್ಲ.

"ನನ್ನ ಕೈ ನೋಡ್ಬೇಡ ಕಣೇ. ನಿನ್ನ ಕೈ ನೀನು ತಿರುಗಿಸು."

"ನೋಡ್ದೆ ಹೇಗೆ ಗೊತ್ತಾಗುತ್ತೆ?"

"ಕೈಗೆ ಭಾರ ಬಂದಾಗ ತಾನೇ ಗೊತ್ತಾಗುತ್ತೆ."

ಮಗಳು ಕಣ್ಣು ಮುಚ್ಚಿಕೊಂಡು ತಿರುಚಿದಳು. ಈ ಸಲ ಸರಿಹೋಯಿತು, ಬೆಡ್‌ಶೀಟು ಬಿಗಿಯಾಗಿ ಗಂಟಿಕ್ಕಿಕೊಂಡು ನೀರು ಧಾರೆಯಾಗಿ ಸುರಿಯಿತು. ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಅಮ್ಮ, ಒಂದು ಕೇಳ್ಲಾ?"

"ಮೊದಲು ಹಿಂಡು. ಆಮೇಲೆ ಕೇಳು."

ಕೇಳುವುದೇನೆಂದು ತಾಯಿಗೆ ಗೊತ್ತಿತ್ತು. ಶೂ. ಎಡಗಾಲಿನದರ ಅಟ್ಟೆ ಬಾಯಿ ಬಿಟ್ಟು ಒಂದು ವಾರವಾಗಿತ್ತು.

ಅಷ್ಟರಲ್ಲಿ ಮುಂಬಾಗಿಲ ಕಡೆ ಗೋಡೆಗೆ ಸೈಕಲ್ಲು ಒರಗಿದ ಸದ್ದಾಯಿತು. ಗಂಡ ಕೆಲಸ ಒಪ್ಪಿಸಿ ಬಂದರೆ ಒಂದು ಸಲ ಗಂಟೆ ಹೊಡೆಯುತ್ತಿದ್ದ, ಚಹಾ ಬೇಕೆಂದರೆ ಎರಡು ಸಲ. ಇವತ್ತು ಗಂಟೆಯೇ ಹೊಡೆಯಲಿಲ್ಲ. ತಾಯಿ ತನ್ನ ತುದಿಯನ್ನು ಕೈಬಿಟ್ಟಳು. ಅಷ್ಟು ಕಷ್ಟಪಟ್ಟು ತಿರುಚಿದ್ದು ಒಂದೇ ಉಸಿರಿಗೆ ಬಿಚ್ಚಿಕೊಂಡು ಮಗಳ ಮೈಗೆಲ್ಲ ನೀರು ಸಿಡಿಯಿತು.

"ಬಕೆಟ್ಟಿಗೆ ಹಾಕಿಡು, ಬಂದೆ," ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು.

ಗಂಡ ಕೆಲಸದ ಮೇಜಿನ ಮೇಲೆ ನೀಲಿ ಪೆಟ್ಟಿಗೆ ಇಟ್ಟು ಅದರ ಮುಂದೆ ತಪ್ಪು ಮಾಡಿದವನ ಹಾಗೆ ಕೂತಿದ್ದ.

"ಮತ್ತೆ ವಾಪಸ್ಸಾ?"

"ಮತ್ತೆ."

"ಅದೇ ನಲವತ್ತೊಂದಾ?"

"ಅದೇ. ಕೂರುತ್ತಂತೆ, ನೋಯಲ್ವಂತೆ, ಅಗಿಯೋಕೂ ಬರುತ್ತಂತೆ. ಆದ್ರೆ ಇದು ನನ್ನ ಬಾಯಲ್ಲ ಅಂದ್ರಂತೆ. ಎರಡನೇ ಸಲ." ಅವನು ಜೇಬಿನಿಂದ ಡಾಕ್ಟರ ಚೀಟಿ ತೆಗೆದುಕೊಟ್ಟ. ಅವನ ಕೈಯಲ್ಲಿ ಚೀಟಿ ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿತ್ತು.

ಓಣಿಯವರು ಅವಳನ್ನು ಹಲ್ಲಿನಮ್ಮ ಅನ್ನುತ್ತಿದ್ದರು. ಅದಕ್ಕೂ ಮುಂಚೆ ಅವಳ ಗಂಡ ಹಲ್ಲಿನಣ್ಣನಾಗಿದ್ದ. ಆರು ವರ್ಷದ ಕೆಳಗೆ ಅವನ ಕೈಗೆ ನಡುಕ ಬಂದಾಗ ಕೆಲಸದ ಜೊತೆಗೆ ಹೆಸರೂ ಅವಳಿಗೆ ವರ್ಗವಾಯಿತು. ಸೈಕಲ್ಲಿನ ಹ್ಯಾಂಡಲ್ ಹಿಡಿದರೆ ಆ ನಡುಕ ಕಾಣುತ್ತಿರಲಿಲ್ಲ, ಮೇಣದ ಚಾಕು ಹಿಡಿದರೆ ಕಾಣುತ್ತಿತ್ತು. ಹಾಗಾಗಿ ಪೆಟ್ಟಿಗೆ ತಂದುಕೊಡುವುದು ಅವನ ಪಾಲಿಗೆ, ಚಾಕು ಅವಳ ಪಾಲಿಗೆ ಬಂತು.

ಹಲ್ಲು ಉದುರಿದವರ ಬಾಯಿಯ ಅಚ್ಚು ತೆಗೆದು ಡಾಕ್ಟರು ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಿದ್ದರು. ಅದಕ್ಕೆ ಪ್ಲಾಸ್ಟರ್ ಹೊಯ್ದರೆ ಬರೀ ವಸಡಿನ ದವಡೆ ಸಿಗುತ್ತದೆ. ಅದರ ಮೇಲೆ ಗುಲಾಬಿ ಬಣ್ಣದ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದಾಗಿ ಹಲ್ಲು ನಿಲ್ಲಿಸಬೇಕು. ಡಾಕ್ಟರು ಆ ಮೇಣದ ಸೆಟ್ಟನ್ನು ಬಾಯಿಗೆ ಹಾಕಿ ನೋಡಿ ಸರಿ ಅಂದರೆ ಗಟ್ಟಿ ಸೆಟ್ಟು ಮಾಡುವುದು, ಸರಿಯಿಲ್ಲ ಅಂದರೆ ಪೆಟ್ಟಿಗೆ ತಿರುಗಿ ಮನೆಗೆ. ಯಾರ ಬಾಯಿ, ಯಾವ ಮುಖ, ಹಲ್ಲು ಕಟ್ಟುವವರಿಗೆ ತಿಳಿಯುವ ಪದ್ಧತಿಯೇ ಇಲ್ಲ. ಪೆಟ್ಟಿಗೆಯ ಮೇಲಿನ ನಂಬರೇ ಮುಖ.

ಚೀಟಿಯಲ್ಲಿ ಡಾಕ್ಟರು ಬರೆದಿದ್ದರು: ಇವತ್ತು ಸಂಜೆ ಐದಕ್ಕೆ ಕೊನೆಯ ಸಲ ಹಾಕಿ ನೋಡುತ್ತೇನೆ. ಆಗಲಿಲ್ಲವೆಂದರೆ ಇದನ್ನು ಮಿಷನ್‌ನಲ್ಲಿ ಹಲ್ಲು ಮಾಡುವ ಲ್ಯಾಬಿಗೆ ಕಳಿಸುತ್ತೇನೆ. ಮುಂದಿನ ತಿಂಗಳಿನಿಂದ ಎಲ್ಲವನ್ನೂ ಅಲ್ಲಿಗೇ.

ಓದಿ ಮಡಿಸಿಟ್ಟಳು. ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಸ್ವಲ್ಪ ಎತ್ತಿದ ಹಾಗಾಯಿತು, ಹಾಗಾಯಿತಲ್ಲ ಎಂದು ನಾಚಿಕೆಯೂ ಆಯಿತು. ಅವಳ ಅಕ್ಕ ಕಣ್ಣಾಸ್ಪತ್ರೆಯಲ್ಲಿ ನರ್ಸು. ಅಲ್ಲಿ ಹೆಸರು ಬರೆದುಕೊಳ್ಳುವ ಕೌಂಟರಿನಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಸೋಮವಾರದೊಳಗೆ ಹೂಂ ಅನ್ನಬೇಕು ಅಥವಾ ಉಹೂಂ ಅನ್ನಬೇಕು. "ಫ್ಯಾನಿನ ಕೆಳಗೆ ಕೂತ್ಕೊಂಡು ಹೆಸರು ಬರೆಯೋದು ಕಣೇ. ಎಷ್ಟು ದಿನ ಅಂತ ಆ ಪುಡಿ ಕುಡೀತೀಯಾ?" ಅಂದಿದ್ದಳು ಅಕ್ಕ. ಪ್ಲಾಸ್ಟರಿನ ಪುಡಿ ಅವಳ ಉಗುರಿನ ಸಂದಿಯಲ್ಲಿ, ಹುಬ್ಬಿನಲ್ಲಿ, ಕೆಮ್ಮಿನಲ್ಲಿ ಮನೆ ಮಾಡಿತ್ತು. ಸೊಂಟ ಸಂಜೆಯಾದರೆ ಬೇರೆ ಯಾರದೋ ಸೊಂಟದ ಹಾಗೆ ಮಾತು ಕೇಳುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಆರು ವರ್ಷ ಮಾಡಿದ್ದಾಯಿತು. ಇದು ಗಂಡನ ಕೆಲಸ, ಅವನ ಕೈ ನೆಟ್ಟಗಾಗುವ ತನಕ ನೋಡಿಕೊಳ್ಳುವುದಷ್ಟೇ ತನ್ನದು ಎಂದು ಶುರುವಿನಲ್ಲಿ ಹೇಳಿದ್ದಳು. ಈಗಲೂ ಹಾಗೇ ಹೇಳುತ್ತಿದ್ದಳು. ಕೈ ನೆಟ್ಟಗಾಗುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆದರೂ ಕೈಗೆ ಬಂದ ಪೆಟ್ಟಿಗೆಯನ್ನು ತೆರೆಯದೆ ಇರುವುದು ಅವಳಿಂದಾಗಲಿಲ್ಲ. ಮೇಣದ ಸೆಟ್ಟನ್ನು ತೆಗೆದು ಹಿತ್ತಾಳೆಯ ಕೀಲಿಗೆ ಕೂರಿಸಿದಳು. ಮೇಲಿನ ದವಡೆ ಕೆಳಗಿನ ದವಡೆ ಸೇರಿಸಿ ಬಾಯಿ ತೆರೆದು ಮುಚ್ಚಿ ನೋಡುವ ಸಾಧನ ಅದು. ಸದಾ ಪಟಪಟ ಅನ್ನುವುದರಿಂದ ಮನೆಯಲ್ಲಿ ಅದರ ಹೆಸರು ಬಾಯಿಬಡುಕ. ಬಾಯಿಬಡುಕ ಎರಡು ಸಲ ಪಟಪಟ ಅಂದಿತು. ಎಲ್ಲ ಹಲ್ಲೂ ಒಂದಕ್ಕೊಂದು ಸರಿಯಾಗಿ ಕೂತವು. ಮುಂದಿನ ಆರು ಹಲ್ಲು ದಾರ ಹಿಡಿದು ಜೋಡಿಸಿದ ಹಾಗೆ ನೇರ.

"ಇದರಲ್ಲಿ ಏನು ಕೊರತೆ ಹೇಳಿ. ನೀವು ಮಾಡ್ತಿದ್ದ ಹಾಗೇ ಇದೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ."

ಗಂಡ ಬಗ್ಗಿ ನೋಡಿದ. "ಹಾಗೇ ಇದೆ," ಅಂದ. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ಇವರಿಗೆ ಎರಡೂ ಕೊಟ್ರೂ ತಕರಾರು."

ಮಗಳು ಒದ್ದೆ ಫ್ರಾಕಿನಲ್ಲೇ ಬಂದು ಮೇಜಿನ ಅಂಚಿಗೆ ಗಲ್ಲ ಊರಿದಳು. ಯಾರು ಮಾತಾಡಿದರೂ ಅವರ ಬಾಯಿಯೊಳಗೇ ಇಣುಕುತ್ತಾಳೆಂದು ಅವಳಿಗೆ ಇಣುಕಿ ಅಂತಲೇ ಹೆಸರು. ಶಾಲೆಯ ಟೀಚರು ಎರಡು ಸಲ ಹೇಳಿಕಳಿಸಿದ್ದರು, ಪಾಠ ಮಾಡುವಾಗ ನಿಮ್ಮ ಹುಡುಗಿ ನನ್ನ ದವಡೆ ಹಲ್ಲು ಎಣಿಸುತ್ತಾಳೆ ಎಂದು.

"ಅಮ್ಮ, ಬಸ್ ಸ್ಟಾಪಿನ ಬೆಂಚಲ್ಲಿ ಮೂರು ಜನ ತಾತಂದ್ರು ಕೂತಿರ್ತಾರಲ್ಲ?"

"ಹೂಂ. ಏನೀಗ?"

"ನಾನು ಅವರು ಅಣ್ಣ ತಮ್ಮ ಅಂದ್ಕೊಂಡಿದ್ದೆ. ಅಲ್ವಂತೆ. ಒಬ್ರು ಡ್ರೈವರ್ ತಾತ, ಒಬ್ರು ಪೋಸ್ಟ್ ತಾತ, ಇನ್ನೊಬ್ರು ಯಾರೋ. ಆದ್ರೆ ಮೂರೂ ಜನ ಒಂದೇ ತರ ನಗ್ತಾರೆ. ಔಷಧಿ ಅಂಗಡಿ ಅಜ್ಜಿನೂ ಹಾಗೇ. ಅವರದೆಲ್ಲ ನಮ್ಮ ಹಲ್ಲು ತಾನೇ?"

ಗಂಡ ನಗತೊಡಗಿದ. ನಕ್ಕು ನಕ್ಕು ಕೆಮ್ಮು ಬಂತು.

"ಸಿಕ್ಕಿಬಿದ್ವಲ್ಲೇ! ಹೌದು ಮಗಳೇ, ಎಲ್ಲ ಆ ಮಾದರಿ ನೋಡಿ ಮಾಡಿದ್ದು." ಅವನು ಕಪಾಟಿನ ಮೇಲ್ಗಡೆ ತೋರಿಸಿದ. ಅಲ್ಲಿ ಗಾಜಿನ ಮುಚ್ಚಳದ ಕೆಳಗೆ ಹಳೆಯ ಪ್ಲಾಸ್ಟರಿನ ಹಲ್ಲಿನ ಸಾಲೊಂದಿತ್ತು. ಅವನು ಕೆಲಸ ಮಾಡುತ್ತಿದ್ದ ಕಾಲದಿಂದಲೂ ಪ್ರತಿ ಸೆಟ್ಟಿಗೂ ಅದೇ ಅಳತೆಗೋಲು. ಅವಳೂ ಆರು ವರ್ಷದಿಂದ ಅದನ್ನೇ ಎದುರಿಗಿಟ್ಟುಕೊಂಡು, ಅವನ ಕೈ ಹೇಗೆ ಹೋಗುತ್ತಿತ್ತೆಂದು ನೆನೆದು ನೆನೆದು ಹಲ್ಲು ಕೂರಿಸುತ್ತಿದ್ದಳು.

"ಅದು ಯಾರ ಹಲ್ಲಪ್ಪ?" ಇಣುಕಿ ಕೇಳಿದಳು.

"ಯಾರದ್ದು ಅಂದ್ರೆ? ನಿಮ್ಮಮ್ಮನದ್ದು."

"ನನ್ನದಾ?"

"ಮರೆತ್ಯಾ? ಮದುವೆಯಾದ ಹೊಸದ್ರಲ್ಲಿ ನಿನ್ನ ಬಾಯಿಗೆ ಅಚ್ಚಿನ ಹಿಟ್ಟು ತುಂಬಿಸಿದ್ದೆ. ವಾಂತಿ ಬರುತ್ತೆ ಅಂತ ಕೈಕಾಲು ಬಡಿದಿದ್ದೆ ನೀನು. ಅಭ್ಯಾಸಕ್ಕೆ ಅಂತ ಸುಳ್ಳು ಹೇಳಿದ್ದೆ. ಅಂಥ ಸಾಲು ನಾನು ಅದುವರೆಗೂ ನೋಡಿರ್ಲಿಲ್ಲ ಕಣೇ. ಊರಿಗೆಲ್ಲ ಇದೇ ಇರ್ಲಿ ಅನ್ನಿಸ್ತು."

ಅವಳು ಸ್ಟೂಲಿನ ಮೇಲೆ ಹತ್ತಿ ಮಾದರಿಯನ್ನು ಇಳಿಸಿದಳು. ಸೆರಗಿನಿಂದ ಧೂಳು ಒರೆಸಿದಳು. ಇಪ್ಪತ್ತೆರಡು ವರ್ಷದ ಹುಡುಗಿಯ ಹಲ್ಲು. ನಾಲಿಗೆಯನ್ನು ತನ್ನ ಹಲ್ಲಿನ ಮೇಲೆ ಆಡಿಸಿಕೊಂಡಳು. ಬಲಗಡೆ ಎರಡು ಇಲ್ಲ, ಮುಂದಿನದೊಂದರ ಮೂಲೆ ಮುರಿದಿದೆ, ಕೆಳಗಿನವು ಒಂದರ ಭುಜಕ್ಕೊಂದು ಒರಗಿವೆ. ತನ್ನ ನಗುವೇ ಊರಿನ ಮುದುಕರ ಬಾಯಲ್ಲೆಲ್ಲ ಬಸ್ಸಿಗೆ ಕಾಯುತ್ತ ಕೂತಿತ್ತು. ತಾನು ಕೊನೆಯ ಸಲ ಹಾಗೆ ನಕ್ಕಿದ್ದು ಯಾವಾಗೆಂದು ನೆನಪಾಗಲಿಲ್ಲ. ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯದೆ, "ನನಗೆ ಒಂದು ಮಾತು ಹೇಳೋದಲ್ವಾ ರೀ," ಅಂದಳು.

"ಹೇಳಿದ್ರೆ ನೀನು ನಾಚ್ಕೊಂಡು ತೆಗೆದು ಬಿಸಾಕ್ತಿದ್ದೆ."

ಅದೂ ನಿಜವೇ. ಅವಳು ಮಾದರಿಯನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದಳು. ಆಮೇಲೆ ಸುಸ್ತಾದ ದನಿಯಲ್ಲೇ ಹೇಳಿದಳು: "ಡಾಕ್ಟರಿಗೆ ಫೋನ್ ಮಾಡಿ. ಈ ನಲವತ್ತೊಂದು ಯಾರು, ಎಲ್ಲಿದ್ದಾರೆ ಕೇಳಿ. ನಾನು ಹೋಗಿ ನೋಡ್ತೀನಿ."

"ನೋಡೋದಾ? ಇಪ್ಪತ್ತು ವರ್ಷದಲ್ಲಿ ನಾನೊಂದು ಮುಖ ನೋಡಿಲ್ಲ. ನಮ್ಮಲ್ಲಿ ಆ ಪದ್ಧತಿ ಇಲ್ವಲ್ಲೇ."

"ಪದ್ಧತಿ ಎರಡು ಸಲ ವಾಪಸ್ ಬಂದಿದೆ."

ಗಂಡ ಫೋನ್ ಹಿಡಿದುಕೊಂಡು ಅಂಗಳಕ್ಕೆ ಹೋದ. ಡಾಕ್ಟರು ಮೊದಲು ಗೊಣಗಿದರಂತೆ, ಆಮೇಲೆ ಏನಾದರೂ ಮಾಡಿಕೊಳ್ಳಿ, ಐದಕ್ಕೆ ಬಾಯಿ ನನ್ನೆದುರಿಗಿರಲಿ ಅಂದರಂತೆ. ವಿಳಾಸ ಕೊಟ್ಟರು: ರೈಲ್ವೆ ಸ್ಟೇಷನ್ನಿನ ಹಿಂದೆ, ಕಬ್ಬಿಣದ ಮೆಟ್ಟಿಲಿನ ಮನೆ, ಎರಡನೇ ಮಹಡಿ. ಮೈಕಮ್ಮ ಅಂದರೆ ಎಲ್ಲರೂ ತೋರಿಸುತ್ತಾರೆ.

ಸ್ಪಿರಿಟ್ ದೀಪ, ಮೇಣದ ಚಾಕು, ಎರಡು ಪಟ್ಟಿ ಹಲ್ಲು, ನೀಲಿ ಪೆಟ್ಟಿಗೆ, ಇಷ್ಟನ್ನು ಚೀಲಕ್ಕೆ ಹಾಕಿಕೊಂಡಳು. ಶನಿವಾರ, ಶಾಲೆಗೆ ರಜೆ. ಇಣುಕಿಯನ್ನು ಬಿಟ್ಟುಹೋದರೆ ಅಪ್ಪ ಮಗಳು ಸೇರಿ ಮನೆಯನ್ನು ತಲೆಕೆಳಗು ಮಾಡುತ್ತಾರೆ. "ನೀನೂ ನಡಿ. ಆದ್ರೆ ಅಲ್ಲಿ ಬಾಯಿಗೆ ಬೀಗ."

ಬಸ್ಸಿನಲ್ಲಿ ಕೂತ ಮೇಲೆ ಇಣುಕಿ ಬೀಗ ತೆಗೆದಳು. "ಅಮ್ಮ, ಈಗ ಕೇಳ್ಲಾ?"

"ಮನೆಗೆ ಹೋದ್ಮೇಲೆ ಕೇಳು ಪುಟ್ಟ. ತಲೆ ಚಿಟ್ಟು ಹಿಡಿದಿದೆ." ಅವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಕಣ್ಣಾಸ್ಪತ್ರೆಯ ಕೌಂಟರಿನ ಕುರ್ಚಿ ಕಾಣಿಸಿತು. ಕುರ್ಚಿಗೆ ಕೈಯೂರಲು ಎರಡು ಕಡೆಯೂ ಆಸರೆಯಿತ್ತು. ಐದು ಗಂಟೆಗೆ ಇದು ಮುಗಿದರೆ ಮುಗಿಯಲಿ, ಕೈಲಾದಷ್ಟು ಮಾಡಿದೆ ಅಂತ ಗಂಡನ ಮುಖ ನೋಡಬಹುದು.

ಮೈಕಮ್ಮ ಬಾಗಿಲು ತೆರೆದವರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಿದ್ದರು. ಎತ್ತರದ ಹೆಂಗಸು. ಎಪ್ಪತ್ತರ ಮೇಲೆ ವಯಸ್ಸು, ನಿಂತ ನಿಲುವು ಕಂಬದ ಹಾಗೆ.

"ಹಲ್ಲು ಕಟ್ಟೋಳು ನೀನೇನಾ? ನಾನು ಯಾರೋ ಗಂಡಸು ಅಂದ್ಕೊಂಡಿದ್ದೆ." ಹಲ್ಲಿಲ್ಲದ ಬಾಯಲ್ಲಿ ಮಾತು ಮೆತ್ತಗೆ, ಒದ್ದೆಯಾಗಿ ಬರುತ್ತಿತ್ತು.

"ಇದು ನಮ್ಮ ಮನೆಯವರ ಕೆಲಸ ಅಮ್ಮ. ಅವರ ಕೈ ಸರಿಯಿಲ್ಲ, ನಾನು ನೋಡ್ಕೋತಿದ್ದೀನಿ ಅಷ್ಟೇ."

ಇಣುಕಿ ತಲೆ ಎತ್ತಿ ಅಮ್ಮನನ್ನು ನೋಡಿದಳು. ಬಾಯಿಗೆ ಬೀಗ ಇತ್ತಲ್ಲ.

ಕೋಣೆ ಚಿಕ್ಕದು. ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ, ದೊಡ್ಡ ಕಿಟಕಿ. ಕಿಟಕಿಯಾಚೆ ಹಳಿಗಳು, ಪ್ಲಾಟ್‌ಫಾರ್ಮಿನ ತಗಡಿನ ಸೂರು. ಕೂರುತ್ತಲೇ ಅವಳು ಕೇಳಿದಳು: "ಎಲ್ಲಿ ನೋಯುತ್ತೆ ಅಮ್ಮ? ಎಲ್ಲಿ ಒತ್ತುತ್ತೆ?"

"ಎಲ್ಲೂ ಇಲ್ಲ. ಚೆನ್ನಾಗಿದೆ. ಕನ್ನಡಿಲಿ ನೋಡ್ಕೊಂಡ್ರೆ ಯಾರೋ ಮದುಮಗಳು ನನ್ನ ಮುಖ ಹಾಕ್ಕೊಂಡು ಕೂತ ಹಾಗಿದೆ."

ಅವಳ ಕಿವಿ ಬಿಸಿಯಾಯಿತು. "ಮತ್ತೆ ತಕರಾರು ಏನು?"

ಮೈಕಮ್ಮ ಗಡಿಯಾರ ನೋಡಿ ಒಂದು ಬೆರಳೆತ್ತಿದರು, ಸುಮ್ಮನಿರಿ ಅನ್ನುವ ಹಾಗೆ. ಹೊರಗೆ ಮೈಕು ಗರಗರ ಅಂದಿತು. ಆಮೇಲೆ ಹೆಣ್ಣುದನಿಯೊಂದು ಸೂರಿನ ಕೆಳಗಿಂದ ಎದ್ದು ಬಂತು. ದೊಡ್ಡ ದನಿಯಲ್ಲ, ಗಡಿಬಿಡಿಯಿಲ್ಲದ ದನಿ. ಮನೆಯ ಹಿರಿಯಳು ಬಾಗಿಲಲ್ಲಿ ನಿಂತು ಹೋಗಿಬರುವವರಿಗೆ ಹೇಳುವ ಹಾಗೆ: "ಪ್ರಯಾಣಿಕರ ಗಮನಕ್ಕೆ. ರೈಲು ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ. ದಯವಿಟ್ಟು ಹಳಿ ದಾಟಬೇಡಿ. ಸೇತುವೆ ಬಳಸಿ."

"ಅದು ನಾನು," ಅಂದರು ಮೈಕಮ್ಮ.

ಮೂವತ್ತೆಂಟು ವರ್ಷ ಅವರು ಆ ಸ್ಟೇಷನ್ನಿನಲ್ಲಿ ರೈಲು ಕೂಗಿದವರು. ನಿವೃತ್ತಿಯ ಮುಂಚೆ ರೈಲ್ವೆಯವರು ಅವರ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಈಗಲೂ ದಿನಕ್ಕೆ ಅರವತ್ತು ಸಲ ಅದೇ ಹಾಕುತ್ತಾರೆ. "ಹಲ್ಲು ಹೋಗೋ ತನಕ ಏನೂ ಅನ್ನಿಸ್ತಿರಲಿಲ್ಲ. ಅಲ್ಲೂ ನಾನೇ, ಇಲ್ಲೂ ನಾನೇ. ಈಗ ಎಂಟು ತಿಂಗಳಾಯ್ತು, ನಾನು ಕಿಟಕಿ ಆಚೆ ಇದ್ದೀನಿ. ಈಚೆ ಕೂತಿರೋದು ಯಾರು ಅಂತ ಗೊತ್ತಾಗಲ್ಲ. ನಿನ್ನ ಸೆಟ್ಟು ಹಾಕ್ಕೊಂಡು ಮಾತಾಡ್ದೆ. ಇನ್ನೊಬ್ಬಳು ಬಂದ್ಲು. ಒಳ್ಳೆಯವಳೇ. ಆದ್ರೆ ನಾನಲ್ಲ."

ಹೀಗೊಂದು ತಕರಾರು ಯಾವ ಚೀಟಿಯಲ್ಲೂ ಬಂದಿರಲಿಲ್ಲ. ಗಂಡನಾಗಿದ್ದರೆ ಏನು ಮಾಡುತ್ತಿದ್ದ ಎಂದು ಯೋಚಿಸಿದಳು. ನಕ್ಕು, ಅಭ್ಯಾಸವಾಗುತ್ತೆ ಬಿಡಿ ಅಜ್ಜಿ ಅನ್ನುತ್ತಿದ್ದ.

ಮುಂದಿನ ರೈಲಿಗೆ ಮೂವರೂ ಕಿಟಕಿಯ ಹತ್ತಿರ ಹೋಗಿ ನಿಂತರು. ದನಿ ಮುಗಿಯುತ್ತಿದ್ದಂತೆ ಇಣುಕಿಯ ಬೀಗ ಕಳಚಿತು. "ಅಜ್ಜಿ, ಸೇತುವೆ ಬಳಸಿ ಅಂತೀರಲ್ಲ, ಅಲ್ಲೊಂದು ಪುಟ್ಟ ಸೀಟಿ ಇದೆ."

ಮೈಕಮ್ಮ ಹುಬ್ಬೇರಿಸಿದರು. "ಮೂವತ್ತೆಂಟು ವರ್ಷದಲ್ಲಿ ಒಬ್ಬ ಮೇಲಧಿಕಾರಿಗೂ ಕೇಳಿಸದ್ದು ನಿನಗೆ ಹೇಗೆ ಕೇಳಿಸ್ತೇ ಚೋಟುದ್ದದವಳೇ?"

"ಅಜ್ಜಿ, ನಿಮ್ಮ ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು ಇತ್ತಾ?"

"ಇತ್ತು. ಅಕ್ಕಿಕಾಳು ನಿಲ್ಲೋವಷ್ಟು. ಒಂದು ಹಲ್ಲು ಸ್ವಲ್ಪ ಒಳಗೆ ಮುಖ ತಿರುಗಿಸ್ಕೊಂಡಿತ್ತು. ನಮ್ಮಮ್ಮ ಅದಕ್ಕೆ ಮುನಿಸಿನ ಹಲ್ಲು ಅಂತಿದ್ರು."

ತಾಯಿ ಚೀಲ ಬಿಚ್ಚಿದಳು.

ಕಿಟಕಿಯ ಕಟ್ಟೆಯ ಮೇಲೆ ಸ್ಪಿರಿಟ್ ದೀಪ ಹಚ್ಚಿ ಚಾಕು ಕಾಯಿಸಿ, ಮುಂದಿನ ಎರಡು ಹಲ್ಲಿನ ಬುಡದ ಮೇಣ ಮೆತ್ತಗೆ ಮಾಡಿದಳು. ದಾರ ಹಿಡಿದ ಹಾಗಿದ್ದ ಆ ಸಾಲನ್ನು ಕೆಡಿಸುವಾಗ ಕೈ ಒಮ್ಮೆ ತಡೆಯಿತು. ಆಮೇಲೆ ಎಡಗಡೆಯ ಹಲ್ಲನ್ನು ಒಂದು ಕೂದಲೆಳೆ ಆಚೆ ಸರಿಸಿದಳು. ತಣ್ಣೀರಲ್ಲಿ ಅದ್ದಿ ಕೊಟ್ಟಳು. ಮೈಕಮ್ಮ ಹಾಕಿಕೊಂಡು, "ಸೇತುವೆ ಬಳಸಿ," ಅಂದರು.

"ಇಲ್ಲ," ಅಂದಳು ಇಣುಕಿ.

ತೆಗೆದು, ಕಾಯಿಸಿ, ಸರಿಸಿ, ಅದ್ದಿ, ಹಾಕಿ. "ಸೇತುವೆ ಬಳಸಿ."

"ಈಗ ಸೀಟಿ ಜಾಸ್ತಿಯಾಯ್ತು. ಪೋಲಿ ಹುಡುಗ್ರು ಹಾಕೋ ಸೀಟಿ ತರ."

"ಬಾಯಿಗೆ ಬೀಗ ಅಂದಿದ್ನಲ್ಲೇ!"

"ಇರಲಿ ಬಿಡು," ಅಂದರು ಮೈಕಮ್ಮ. "ನನಗಿಂತ ಇವಳ ಕಿವಿ ಚುರುಕು."

ಒಂದು ರೈಲು ಬಂತು, ಹೋಯಿತು. ಇನ್ನೊಂದು ಬಂತು. ಪ್ರತಿ ಸಲವೂ ಮೂವರು ಉಸಿರು ಬಿಗಿಹಿಡಿದು ಕಿಟಕಿಯಾಚೆಯ ದನಿ ಕೇಳುವುದು, ಆಮೇಲೆ ಈಚೆಯ ದನಿ. ಸಂದು ಸರಿಯಾದರೂ ದನಿ ಸರಿಯಾಗಲಿಲ್ಲ, ಎಲ್ಲೋ ಒಂದು ಕಡೆ ಗಾಳಿ ಸೋರುತ್ತಿತ್ತು. ತಾಯಿ ಸೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. ನಾಲಿಗೆಯನ್ನು ತನ್ನ ಹಲ್ಲಿನ ಹಿಂದೆ ಇಟ್ಟು ತಾನೇ ಸದ್ದಿಲ್ಲದೆ ಆ ಮಾತು ಹೇಳಿಕೊಂಡಳು. ಆಮೇಲೆ ಪಕ್ಕದ ಹಲ್ಲನ್ನು, ಮುನಿಸಿನ ಹಲ್ಲನ್ನು, ಹೆಬ್ಬೆರಳಿನಿಂದ ಸ್ವಲ್ಪವೇ ಒಳಕ್ಕೆ ತಿರುಗಿಸಿ ಅದರ ಹಿಂದಿನ ಮೇಣವನ್ನು ಉಗುರಿನಷ್ಟು ಕೆರೆದಳು. ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೈಗೆ ಭಾರ ಬಂದಾಗ ಬೆಡ್‌ಶೀಟು ಬಿಗಿಯುವ ಹಾಗೆ, ಬೆರಳಿಗೆ ಮೇಣ ಇಷ್ಟು ಸಾಕು ಅಂದಿತು, ನಿಲ್ಲಿಸಿದಳು.

ಅಷ್ಟರಲ್ಲಿ ಮೈಕು ಗರಗರ ಅಂದಿತು. ಮೈಕಮ್ಮ ಅವಸರದಲ್ಲಿ ಸೆಟ್ಟು ಕಿತ್ತುಕೊಂಡು ಹಾಕಿಕೊಂಡರು. ಹೊರಗಿನ ದನಿ ಶುರುವಾದ ಕೂಡಲೇ ಅವರೂ ಜೊತೆಗೆ ಹೇಳತೊಡಗಿದರು. "ಪ್ರಯಾಣಿಕರ ಗಮನಕ್ಕೆ..." ಅರ್ಧಕ್ಕೆ ಬಂದಾಗ ಎರಡು ದನಿ ಒಂದರೊಳಗೊಂದು ಸೇರಿಹೋದವು. ಇಣುಕಿ ಕಿಟಕಿ ನೋಡಿದಳು, ಮೈಕಮ್ಮನ ಬಾಯಿ ನೋಡಿದಳು, ಮತ್ತೆ ಕಿಟಕಿ ನೋಡಿದಳು. ಎರಡು ಕಡೆಯಿಂದ ಒಬ್ಬರೇ ಕರೆದರೆ ಯಾವ ಕಡೆ ಓಡುವುದು ಎಂದು ತಿಳಿಯದ ಮಗುವಿನ ಹಾಗೆ.

"...ಸೇತುವೆ ಬಳಸಿ."

ಪುಟ್ಟ ಸೀಟಿ ಒಂದು ಹೊರಗೆ ಆಯಿತು, ಒಂದು ಒಳಗೆ.

ಮೈಕಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಕರವಸ್ತ್ರ ಬೇಕಾಗಿರಲಿಲ್ಲ, ಆದರೂ ಕೈ ಅಲ್ಲೇ ಇತ್ತು. ಆಮೇಲೆ ಹೇಳಿದರು: "ಒಳ್ಳೇದಾಯ್ತು. ಕೆಳಗಡೆ ಮನೆಯವನು ಎಂಟು ತಿಂಗಳಿಂದ ಮೆಟ್ಟಿಲಿಗೆ ಅಡ್ಡ ಗಾಡಿ ನಿಲ್ಲಿಸ್ತಿದ್ದಾನೆ. ಇವತ್ತು ಬಯ್ಯಬಹುದು."

ತಾಯಿಗೆ ನಗು ಬಂತು. ತಡೆಯಲಾಗದ ನಗು, ಮೂಲೆ ಮುರಿದ ಹಲ್ಲು ಕಾಣುವ ಹಾಗೆ. ನಕ್ಕಾದ ಮೇಲೆ ಗಡಿಯಾರ ನೋಡಿದಳು. ಬಂದು ಮೂರು ಗಂಟೆಯಾಗಿತ್ತು. ಅಷ್ಟೂ ಹೊತ್ತು ಸೊಂಟದ ನೆನಪೇ ಆಗಿರಲಿಲ್ಲ. ನೆನಪಾದ ಕೂಡಲೇ ಅದು ಬಡ್ಡಿ ಸಮೇತ ನೋಯತೊಡಗಿತು. ಅಷ್ಟೂ ಹೊತ್ತು ಗಂಡನ ಕೈ ಹೇಗೆ ಹೋಗುತ್ತಿತ್ತೆಂದೂ ನೆನೆದಿರಲಿಲ್ಲ. ಅದು ಇನ್ನೂ ವಿಚಿತ್ರವೆನಿಸಿತು. ಆದರೆ ಅದನ್ನು ಕೂತು ಯೋಚಿಸಲು ಪುರುಸೊತ್ತಿರಲಿಲ್ಲ, ಐದಕ್ಕೆ ಡಾಕ್ಟರ ಮುಂದೆ ಬಾಯಿ ಇರಬೇಕಿತ್ತು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಸೆಟ್ಟನ್ನು ಬೆಳಕಿಗೆ ಹಿಡಿದು, "ಇದೇನ್ರೀ, ವಯಸ್ಸಾದವರಿಗೆ ವಕ್ರ ಹಲ್ಲು ಕಟ್ಟಿದ್ದೀರಿ?" ಅಂದರು.

ಮೈಕಮ್ಮ ಸೆಟ್ಟನ್ನು ಅವರ ಕೈಯಿಂದ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. "ಡಾಕ್ಟರ ಗಮನಕ್ಕೆ," ಅಂದರು. "ಇದನ್ನ ಮುಟ್ಟಿದ್ರೆ ಜೋಕೆ."

ಹೊರಗೆ ಕೂತಿದ್ದ ರೋಗಿಗಳೆಲ್ಲ ಬೆಚ್ಚಿ ತಲೆಯೆತ್ತಿದರು. ಒಬ್ಬ ತನ್ನ ಬ್ಯಾಗನ್ನು ಹತ್ತಿರ ಎಳೆದುಕೊಂಡು ರೈಲು ಬಂತೇನೋ ಎಂಬಂತೆ ಎದ್ದೇ ನಿಂತ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಹೊರಡುವಾಗ ಅವಳನ್ನು ಪಕ್ಕಕ್ಕೆ ಕರೆದು, "ನೋಡಿ, ಮಿಷನ್ ಲ್ಯಾಬಿನವರಿಗೆ ಮಾತು ಕೊಟ್ಟಾಗಿದೆ. ಸುಲಭದ್ದೆಲ್ಲ ಅವರಿಗೆ ಹೋಗುತ್ತೆ," ಅಂದರು. ಸ್ವಲ್ಪ ತಡೆದು, "ತಕರಾರಿನ ಬಾಯಿಗಳನ್ನ ನಿಮಗೆ ಕಳಿಸ್ತೀನಿ. ಹೋಗಿ ನೋಡಬೇಕು ಅಂದ್ರೆ ಹೋಗಿ ನೋಡಿ. ಆಗುತ್ತಾ?" ಎಂದರು.

"ಸೋಮವಾರ ಹೇಳ್ತೀನಿ ಡಾಕ್ಟ್ರೇ," ಅಂದಳು ಅವಳು. ಅಕ್ಕನಿಗೂ ಡಾಕ್ಟರಿಗೂ ಸೋಮವಾರವೇ ಹೇಳಬೇಕಿತ್ತು. ಆಗ ಅದು ಹೊಳೆಯಿತು.

ಮನೆ ಸೇರಿದಾಗ ಬಿಸಿಲು ಹಿತ್ತಲಿನ ಗೋಡೆಯ ಮೇಲೆ ಒಂದು ಗೇಣು ಉಳಿದಿತ್ತು. ಗಂಡ ಬಾಗಿಲಲ್ಲೇ ನಿಂತಿದ್ದ. ಕೇಳುವ ಧೈರ್ಯವಿಲ್ಲದೆ ಮುಖ ನೋಡಿದ. "ಒಪ್ಪಿದ್ರು," ಅಂದಳು. ಅವನು ಹೋಗಿ ಸೈಕಲ್ಲಿನ ಗಂಟೆಯನ್ನು ಒಂದು ಸಲ ಹೊಡೆದು ಬಂದ. ಹೇಗೆ ಮಾಡಿದೆ ಎಂದು ಕೇಳಿದಾಗ ಅವಳು ಸಂದಿನ ವಿಷಯ, ಒಳಗೆ ತಿರುಗಿದ ಹಲ್ಲಿನ ವಿಷಯ ಹೇಳಿದಳು. ಅವನು ತನ್ನ ಅದುರುವ ಬೆರಳುಗಳನ್ನು ನೋಡಿಕೊಂಡ.

"ನನಗೆ ಹೊಳೀತಿರ್ಲಿಲ್ಲ ಕಣೇ," ಅಂದ. "ಕೈ ಚೆನ್ನಾಗಿದ್ದಿದ್ರೂ ಹೊಳೀತಿರ್ಲಿಲ್ಲ." ಹಾಗೆಂದು ಚಹಾಕ್ಕೆ ನೀರಿಡಲು ಒಳಗೆ ಹೋದ.

ಹಿತ್ತಲಲ್ಲಿ ಬಕೆಟ್ಟು ಬೆಳಿಗ್ಗೆ ಬಿಟ್ಟ ಜಾಗದಲ್ಲೇ ಕಾಯುತ್ತಿತ್ತು. ಬೆಡ್‌ಶೀಟು ದಿನವಿಡೀ ನೆನೆದು ಮುಗ್ಗಲು ವಾಸನೆ ಬಂದಿತ್ತು. ಇನ್ನೊಂದು ಸಲ ಜಾಲಾಡಿಸಬೇಕಾಯಿತು. ಮಾಡಿದ ಕೆಲಸವನ್ನೇ ಎರಡನೇ ಸಲ ಮಾಡುವುದರಷ್ಟು ಬೇಸರ ಲೋಕದಲ್ಲಿ ಬೇರೆ ಇಲ್ಲ. ನೀರು ಚೆಲ್ಲಿ, ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು ತಾನು ಇನ್ನೊಂದು ತುದಿ ಹಿಡಿದಳು. ಕಣ್ಣೆವೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಒಳಗೆ ಮೇಜಿನ ಮೇಲೆ ಫೋನ್ ಹೊಡೆದುಕೊಳ್ಳತೊಡಗಿತು.

"ನಿಮ್ಮಕ್ಕ ಫೋನ್ ಮಾಡಿದ್ದಾರೆ ನೋಡೇ," ಗಂಡ ಒಳಗಿಂದ ಕೂಗಿದ. "ಆಸ್ಪತ್ರೆ ವಿಷಯ ಅನ್ಸುತ್ತೆ. ಏನು ಹೇಳ್ಲಿ?"

"ಕೈ ಒದ್ದೆ ಅಂತ ಹೇಳಿ."

ಇಣುಕಿ ಈ ಸಲ ಅಮ್ಮನ ಕೈ ನೋಡಲಿಲ್ಲ. ತನ್ನ ಪಾಡಿಗೆ ತಿರುಚಿದಳು. ಬೆಡ್‌ಶೀಟು ಇಬ್ಬರ ನಡುವೆ ಬಿಗಿಯುತ್ತ ಬಂದು, ನೀರು ಕಲ್ಲಿನ ಮೇಲೆ ಸುರಿಯಿತು.

"ಅಮ್ಮ, ಮನೆಗೆ ಬಂದಾಯ್ತು. ಈಗ ಕೇಳ್ಲಾ?"

"ಶೂ ತಾನೇ? ಮುಂದಿನ ವಾರ ಕೊಡಿಸ್ತೀನಿ ಪುಟ್ಟ."

"ಶೂ ಅಲ್ಲ." ಮಗಳು ತುದಿಯನ್ನು ಬಿಡಲಿಲ್ಲ. ಬಿಟ್ಟರೆ ಎಲ್ಲ ಬಿಚ್ಚಿಹೋಗುತ್ತದೆಂದು ಅವಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. "ಯಾರು ಕೇಳಿದ್ರೂ ನೀನು ಇದು ಅಪ್ಪನ ಕೆಲಸ ಅಂತೀಯ. ಆ ಅಜ್ಜಿಗೂ ಹಾಗೇ ಅಂದೆ. ದೊಡ್ಡಮ್ಮ ಹೇಳಿದ್ದು ಆಸ್ಪತ್ರೆಯವರ ಕೆಲಸ. ಬಟ್ಟೆ ಒಗೆಯೋದು ಮನೆ ಕೆಲಸ ಅಂತೀಯ."

"ಹೂಂ?"

"ಮತ್ತೆ, ನಿನ್ನ ಕೆಲಸ ಯಾವುದಮ್ಮಾ?"